ಸಣ್ಣ ಊರಲ್ಲಿ ಬ್ಯಾಂಡ್ ಕಟ್ಟುವವರಿಗೆ: ಶುರು ಮಾಡುವುದು ಹೇಗೆ, ಮುಗಿಸುವುದು ಹೇಗೆ

ಬ್ಯಾಂಡ್ ಕಟ್ಟುವ ದಿನವೇ ಅದು ಮುರಿಯುವ ದಿನದ ಬಗ್ಗೆಯೂ ಮಾತಾಡಿ. ಅಪಶಕುನ ನುಡಿದ ಹಾಗೆ ಕೇಳಿಸುತ್ತದೆ, ಗೊತ್ತು. ನಾನು ಆರು ವರ್ಷ ಒಂದು ಸಣ್ಣ ಊರಿನ ಬ್ಯಾಂಡ್‌ನಲ್ಲಿ ಕೀಬೋರ್ಡ್ ನುಡಿಸಿದವನು. ನಾಲ್ಕು ಜನ, ಹದಿನಾಲ್ಕು ಸ್ವಂತ ಹಾಡು. ಅವುಗಳಲ್ಲಿ ಒಂಬತ್ತನ್ನು ಇವತ್ತು ಯಾರೂ ಕೇಳಲು ಆಗುವುದಿಲ್ಲ. ಅಪ್‌ಲೋಡ್ ಮಾಡಿದ್ದ ಖಾತೆ ಒಬ್ಬನ ಹೆಸರಲ್ಲಿತ್ತು, ಜಗಳ ಆದ ವಾರ ಅವನು ಎಲ್ಲವನ್ನೂ ತೆಗೆದುಹಾಕಿದ, ಮೂಲ ಫೈಲ್‌ಗಳಿದ್ದ ಹಾರ್ಡ್ ಡಿಸ್ಕ್ ಯಾರ ಮನೆಯ ಯಾವ ಡಬ್ಬದಲ್ಲಿದೆ ಅಂತ ಇವತ್ತಿಗೂ ಗೊತ್ತಾಗಿಲ್ಲ. ಸಂಗೀತದ ವಿಷಯಕ್ಕೆ ನಾವು ಒಂದು ದಿನವೂ ಜಗಳ ಆಡಿರಲಿಲ್ಲ. ಮಾತಾಡದೆ ಬಿಟ್ಟ ವಿಷಯಗಳೇ ನಮ್ಮನ್ನು ಮುರಿದವು. ನಿಮಗೆ ಹಾಗಾಗುವುದು ಬೇಡ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಜನ. ದೊಡ್ಡ ನಗರದಲ್ಲಿ ಒಬ್ಬ ಡ್ರಮ್ಮರ್ ಸರಿಹೋಗದಿದ್ದರೆ ಇನ್ನೊಬ್ಬ ಸಿಗುತ್ತಾನೆ. ಸಣ್ಣ ಊರಲ್ಲಿ ಡ್ರಮ್ಸ್ ಇರುವವನು ಒಬ್ಬನೇ, ಅವನೂ ಆಗಲೇ ಬೇರೆ ಯಾರ ಜೊತೆಗೋ ನುಡಿಸುತ್ತಿರುತ್ತಾನೆ. ಹಾಗಾಗಿ ತುಂಬಾ ಚೆನ್ನಾಗಿ ನುಡಿಸುವವರಿಗಿಂತ ಹೇಳಿದ ಹೊತ್ತಿಗೆ ಬರುವವರನ್ನು ಹುಡುಕಿ. ನುಡಿಸುವ ಕೈ ಒಂದು ವರ್ಷದಲ್ಲಿ ಪಳಗುತ್ತದೆ. ನಮ್ಮಲ್ಲಿ ತಡವಾಗಿ ಬರುತ್ತಿದ್ದವನು ಆರು ವರ್ಷವೂ ತಡವಾಗಿಯೇ ಬಂದ.

ಪ್ರಾಕ್ಟೀಸ್ ವಾರಕ್ಕೆ ಒಂದೇ ದಿನ ಇರಲಿ, ಆದರೆ ಅದೇ ದಿನ, ಅದೇ ಹೊತ್ತು. ಪ್ರತಿ ಸಲವೂ ಫೋನ್‌ನಲ್ಲಿ ರೆಕಾರ್ಡ್ ಮಾಡಿ, ಮನೆಗೆ ಹೋಗಿ ಕೇಳಿ. ಇನ್ನು ಸಣ್ಣ ಕೋಣೆಯಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಡ್ರಮ್ಸ್ ಜೋರಾಗಿದೆ ಅಂತ ಗಿಟಾರಿನವನು ಆಂಪ್ (ಶಬ್ದ ದೊಡ್ಡದು ಮಾಡುವ ಪೆಟ್ಟಿಗೆ) ಏರಿಸುತ್ತಾನೆ, ಗಿಟಾರ್ ಜೋರಾಯಿತು ಅಂತ ಬೇಸ್ ಏರುತ್ತದೆ, ಕೊನೆಗೆ ಹಾಡುವವಳು ಗಂಟಲು ಹರಿದುಕೊಳ್ಳುತ್ತಾಳೆ. ನಾವು ಒಂದು ದಿನ ನೆಲದ ಮೇಲಿದ್ದ ಆಂಪನ್ನು ಎತ್ತಿ ಕುರ್ಚಿಯ ಮೇಲಿಟ್ಟು ಸ್ವಲ್ಪ ಹಿಂದಕ್ಕೆ ವಾಲಿಸಿದೆವು. ಅಲ್ಲಿಯವರೆಗೆ ಗಿಟಾರಿನವನ ಮೊಣಕಾಲಿಗೆ ಬಡಿಯುತ್ತಿದ್ದ ಶಬ್ದ ನೇರ ಕಿವಿಗೆ ಬಂತು. ಯಾರೂ ಹೇಳಲಿಲ್ಲ, ಅವನೇ ಬಗ್ಗಿ ವಾಲ್ಯೂಮ್ ಅರ್ಧಕ್ಕೆ ಇಳಿಸಿದ. ಇವತ್ತೇ ಮಾಡಿ ನೋಡಿ. ಕಿವಿಗೆ ಪ್ಲಗ್ ಕೂಡ ಹಾಕಿಕೊಳ್ಳಿ. ಕೆಲಸದ ಜಾಗದ ಶಬ್ದಕ್ಕೆ ಕೆಲಸಗಾರರ ಆರೋಗ್ಯ ನೋಡುವ ಅಮೆರಿಕದ ನಿಯೋಷ್ ಸಂಸ್ಥೆ ಹೇಳುವ ಮಿತಿ 85 ಡೆಸಿಬಲ್‌ಗೆ ದಿನಕ್ಕೆ 8 ಗಂಟೆ. ಅಲ್ಲಿಂದ 3 ಡೆಸಿಬಲ್ ಏರಿದಂತೆಲ್ಲ ಹೊತ್ತು ಅರ್ಧ ಅರ್ಧ ಇಳಿಯುತ್ತದೆ, 100 ಡೆಸಿಬಲ್ ಆದರೆ 15 ನಿಮಿಷ ಅಷ್ಟೇ. ಮುಚ್ಚಿದ ಕೋಣೆಯ ಡ್ರಮ್ಸ್ ಸುಲಭವಾಗಿ ಅಲ್ಲಿಗೆ ಮುಟ್ಟುತ್ತದೆ. ಹೋದ ಕಿವಿ ವಾಪಸ್ ಬರುವುದಿಲ್ಲ.

ಮೊದಲ ಶೋಗೆ ದೊಡ್ಡ ವೇದಿಕೆ ಸಿಗಲಿ ಅಂತ ಕಾಯಬೇಡಿ. ಅಮೆರಿಕದ ಜಾರ್ಜಿಯಾದ ಏಥೆನ್ಸ್ ಎಂಬ ಕಾಲೇಜು ಊರಿನ ಆರ್.ಇ.ಎಂ. ಬ್ಯಾಂಡ್ ಮೊದಲ ಸಲ ನುಡಿಸಿದ್ದು 1980ರ ಏಪ್ರಿಲ್‌ನಲ್ಲಿ, ಒಂದು ಹಳೆಯ ಚರ್ಚ್ ಕಟ್ಟಡದಲ್ಲಿ, ಗೆಳತಿಯೊಬ್ಬಳ ಹುಟ್ಟುಹಬ್ಬಕ್ಕೆ. ನೀವೂ ಗೆಳೆಯರ ಮುಂದೆಯೇ ಶುರು ಮಾಡಿ. ಅರ್ಧ ಗಂಟೆ ಸಾಕು. ಜನಕ್ಕೆ ಗೊತ್ತಿರುವ ಹಾಡು ಮೂರು, ಸ್ವಂತದ್ದು ಮೂರು. ಸ್ವಂತ ಹಾಡಿನ ಹೊತ್ತಿಗೆ ಜನ ಮಾತಾಡಲು ಶುರು ಮಾಡುತ್ತಾರೆ, ಅದಕ್ಕೆ ಬೇಜಾರಾಗಬೇಡಿ. ಸಣ್ಣ ಊರಿನ ಒಳ್ಳೆಯದು ಏನೆಂದರೆ ಅದೇ ನಲವತ್ತು ಜನ ಮುಂದಿನ ತಿಂಗಳೂ ಬರುತ್ತಾರೆ, ಅದರ ಮುಂದಿನ ತಿಂಗಳೂ ಬರುತ್ತಾರೆ, ಐದನೆಯ ಸಲಕ್ಕೆ ಹಿಂದಿನ ಸಾಲಿನಲ್ಲಿ ಯಾರೋ ನಿಮ್ಮ ಹಾಡಿನ ಸಾಲನ್ನು ನಿಮಗಿಂತ ಮೊದಲೇ ಹಾಡುತ್ತಾರೆ. ಆ ಸುಖ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಈಗ ಮುಖ್ಯ ವಿಷಯ. ಒಂದು ಹಾಡಿನಲ್ಲಿ ಎರಡು ಆಸ್ತಿ ಇರುತ್ತವೆ. ಸಾಹಿತ್ಯ ಮತ್ತು ರಾಗ ಸೇರಿದ ಹಾಡು ಒಂದು, ಅದರ ರೆಕಾರ್ಡಿಂಗ್ ಇನ್ನೊಂದು. ಎರಡಕ್ಕೂ ಒಡೆಯರು ಬೇರೆ ಬೇರೆ ಇರಬಹುದು. ಬೇರೆಯವರು ನಿಮ್ಮ ಹಾಡನ್ನು ಹೊಸದಾಗಿ ಹಾಡಿದರೆ ಬರೆದವರಿಗೆ ದುಡ್ಡು ಬರಬೇಕು, ನಿಮ್ಮ ರೆಕಾರ್ಡಿಂಗನ್ನೇ ಬಳಸಿದರೆ ರೆಕಾರ್ಡಿಂಗಿನ ಒಡೆಯರಿಗೂ ಬರಬೇಕು. ಇದು ಗೊತ್ತಿಲ್ಲದೆ ಎಷ್ಟು ಬ್ಯಾಂಡ್‌ಗಳು ಹಾಳಾಗಿವೆ.

ಪ್ರತಿ ಹಾಡು ಮುಗಿದ ದಿನವೇ, ಎಲ್ಲರೂ ಖುಷಿಯಲ್ಲಿರುವಾಗಲೇ, ಒಂದು ಹಾಳೆಯಲ್ಲಿ ಹಾಡಿನ ಹೆಸರು, ತಾರೀಕು, ಯಾರಿಗೆ ಶೇಕಡಾ ಎಷ್ಟು ಅಂತ ಬರೆದು ನಾಲ್ಕೂ ಜನ ಸಹಿ ಹಾಕಿ. ಐದು ನಿಮಿಷದ ಕೆಲಸ. ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ದೊಡ್ಡವರ ಕಥೆ ನೋಡಿ. ಮ್ಯಾಂಚೆಸ್ಟರ್‌ನ ದಿ ಸ್ಮಿತ್ಸ್ 1982ರಿಂದ 1987ರವರೆಗೆ ಇದ್ದ ಬ್ಯಾಂಡ್. ರೆಕಾರ್ಡಿಂಗಿನ ದುಡ್ಡಿನಲ್ಲಿ ಹಾಡುವ ಮಾರಿಸ್ಸಿ ಮತ್ತು ಗಿಟಾರಿನ ಜಾನಿ ಮಾರ್‌ಗೆ ತಲಾ 40, ಬೇಸ್ ಮತ್ತು ಡ್ರಮ್ಸ್ ನುಡಿಸಿದವರಿಗೆ ತಲಾ 10 ಶೇಕಡಾ ಹೋಗುತ್ತಿತ್ತು. ಡ್ರಮ್ಮರ್ ಮೈಕ್ ಜಾಯ್ಸ್ ಕೋರ್ಟಿಗೆ ಹೋದ. ಬೇರೆ ಒಪ್ಪಂದ ಇಲ್ಲದಿದ್ದರೆ ಪಾಲುದಾರರಿಗೆ ಸಮಪಾಲು ಅಂತ ಬ್ರಿಟನ್ನಿನ 1890ರ ಕಾಯ್ದೆ ಹೇಳುತ್ತದೆ. 1996ರಲ್ಲಿ ಅವನಿಗೆ 25 ಶೇಕಡಾ ಸಿಕ್ಕಿತು. ಬ್ಯಾಂಡ್ ಮುರಿದು ಒಂಬತ್ತು ವರ್ಷದ ಮೇಲೆ! ಇನ್ನೊಂದು ಕಥೆ ನನ್ನಂಥ ಕೀಬೋರ್ಡಿನವರಿಗೆ. ಪ್ರೋಕೋಲ್ ಹ್ಯಾರಮ್ ಬ್ಯಾಂಡ್‌ನ 1967ರ ‘ಎ ವೈಟರ್ ಶೇಡ್ ಆಫ್ ಪೇಲ್’ ಹಾಡಿಗೆ ಆರ್ಗನ್ ನುಡಿಸಿದ ಮ್ಯಾಥ್ಯೂ ಫಿಶರ್‌ಗೆ ಸಂಗೀತದ ಹಕ್ಕಿನಲ್ಲಿ 40 ಶೇಕಡಾ ಪಾಲು ಖಾಯಂ ಆದದ್ದು 2009ರಲ್ಲಿ. ಆರ್.ಇ.ಎಂ. ನಾಲ್ವರು ಮಾತ್ರ ಯಾರು ಏನೇ ಬರೆದರೂ ನಾಲ್ವರ ಹೆಸರೂ ಸಮವಾಗಿ ಹಾಕುತ್ತಿದ್ದರು. ಹೊಸಬರಿಗೆ ನಾನು ಹೇಳುವುದೂ ಅದನ್ನೇ. ಒಬ್ಬಳೇ ರಾತ್ರಿಯೆಲ್ಲ ಕೂತು ಬರೆದಿದ್ದರೆ ಅವಳಿಗೆ ಸ್ವಲ್ಪ ಜಾಸ್ತಿ ಇರಲಿ, ತಪ್ಪಿಲ್ಲ, ಆದರೆ ಅದನ್ನೂ ಹಾಳೆಯಲ್ಲಿ ಬರೆಯಿರಿ.

ಬಿಡುಗಡೆಯ ಕೆಲಸ ಕಷ್ಟವಲ್ಲ, ಬೇಗ ಹೇಳುತ್ತೇನೆ. ಹಾಡನ್ನು ಸ್ಪಾಟಿಫೈನಂಥ ಆ್ಯಪ್‌ಗಳಿಗೆ ತಲುಪಿಸುವ ಡಿಸ್ಟ್ರಿಬ್ಯೂಟರ್ ಹತ್ತಿರದ ಖಾತೆಯನ್ನು ಬ್ಯಾಂಡಿನದೇ ಇಮೇಲ್‌ನಿಂದ ತೆರೆಯಿರಿ, ಪಾಸ್‌ವರ್ಡ್ ಕನಿಷ್ಠ ಇಬ್ಬರ ಹತ್ತಿರ ಇರಲಿ. ಪ್ರತಿ ರೆಕಾರ್ಡಿಂಗಿಗೂ ಐಎಸ್‌ಆರ್‌ಸಿ ಎಂಬ ಅಕ್ಷರ, ಅಂಕಿ ಸೇರಿ 12 ಇರುವ ಗುರುತು ಸಿಗುತ್ತದೆ, ಅದನ್ನು ಪಾಲಿನ ಹಾಳೆಯ ಮೇಲೆಯೇ ಬರೆದಿಡಿ. ವಾದ್ಯ ವಾದ್ಯಕ್ಕೂ ಬೇರೆ ಬೇರೆ ಇರುವ ಮೂಲ ಫೈಲ್‌ಗಳನ್ನು ಎರಡು ಡಿಸ್ಕ್‌ಗೆ ಹಾಕಿ, ಎರಡು ಮನೆಯಲ್ಲಿಡಿ. ದುಡ್ಡಿನ ಆಸೆ ಸದ್ಯಕ್ಕೆ ಬೇಡ. 2024ರಿಂದ ಸ್ಪಾಟಿಫೈನಲ್ಲಿ ಹಿಂದಿನ 12 ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ರೆಕಾರ್ಡಿಂಗಿನ ರಾಯಲ್ಟಿ ಲೆಕ್ಕಕ್ಕೇ ಬರುವುದಿಲ್ಲ.

ಹೆಸರು ಬರುವ ಕಾಲ ಬರುತ್ತದೆ ಅಂದುಕೊಳ್ಳಿ. ದೂರದ ಊರಿಂದ ಫೋನ್ ಬರುತ್ತದೆ, ಯಾರೋ ಕರಾರು ಹಿಡಿದುಕೊಂಡು ಬರುತ್ತಾರೆ. ಅದರಲ್ಲಿ ಮೂರು ಸಾಲು ಹುಡುಕಿ: ರೆಕಾರ್ಡಿಂಗ್ ಯಾರದಾಗುತ್ತದೆ, ಎಷ್ಟು ವರ್ಷಕ್ಕೆ, ಮಧ್ಯದಲ್ಲಿ ಬಿಟ್ಟು ಬರಲು ದಾರಿ ಇದೆಯಾ. ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ. ಶೋಗಳ ದುಡ್ಡಿನಲ್ಲಿ ಮೊದಲು ಖರ್ಚು ಕಳೆಯಿರಿ, ಆಮೇಲೆ ಒಂದು ಪಾಲನ್ನು ಬ್ಯಾಂಡಿನ ಖಾತೆಗೆ ಹಾಕಿ, ಉಳಿದದ್ದನ್ನು ಹಂಚಿಕೊಳ್ಳಿ.

ಬಿರುಕು ಶುರುವಾಗುವುದೂ ಈ ಕಾಲದಲ್ಲೇ. ಒಬ್ಬನಿಗೆ ಕೆಲಸ ಬಿಡಲು ಆಗುವುದಿಲ್ಲ, ಒಬ್ಬಳಿಗೆ ಆಗಲೇ ಬಿಟ್ಟಾಗಿದೆ. ಪೋಸ್ಟರ್‌ನಲ್ಲಿ ಹಾಡುವವಳ ಮುಖ ಮಾತ್ರ ಇರುತ್ತದೆ. ಗಾಡಿ ಹೇಳುವುದು, ಕೇಬಲ್ ಸುತ್ತಿಡುವುದು, ಬಾಕಿ ದುಡ್ಡಿಗೆ ಹತ್ತು ಸಲ ಫೋನ್ ಮಾಡುವುದು ಎಲ್ಲ ಒಬ್ಬನ ತಲೆಗೇ ಬರುತ್ತದೆ. ನಮ್ಮ ಬೇಸ್ ನುಡಿಸುವವನು ಎರಡು ವರ್ಷ ಇದನ್ನೆಲ್ಲ ಸುಮ್ನೆ ಮಾಡಿದ. ಒಂದು ರಾತ್ರಿ ಶೋ ಮುಗಿದ ಮೇಲೆ ಕೇಬಲ್‌ಗಳನ್ನು ನೆಲದ ಮೇಲೆ ಹಾಗೇ ಬಿಟ್ಟು ಹೊರಟುಹೋದ. ನಾವು ಮೂವರೂ ಅವನಿಗೆ ಸುಸ್ತಾಗಿದೆ ಅಂದುಕೊಂಡೆವು. ಅವತ್ತೇ ಹಿಂದೆ ಹೋಗಿ ಕೇಳಬೇಕಿತ್ತು. ತಿಂಗಳಿಗೊಮ್ಮೆ ವಾದ್ಯ ಮುಟ್ಟದೆ ಒಂದು ಗಂಟೆ ಕೂತು ಯಾರು ಏನು ಕೆಲಸ ಮಾಡುತ್ತಿದ್ದಾರೆ ಅಂತ ಜೋರಾಗಿ ಓದಿ, ಹೊಸದಾಗಿ ಹಂಚಿಕೊಳ್ಳಿ.

ಆದರೂ ಮುರಿಯುವುದೇ ಆದರೆ, ಮೆಸೇಜ್‌ನಲ್ಲಿ ಮುರಿಯಬೇಡಿ. ನಾಲ್ವರೂ ಎದುರು ಕೂತು ಬರೆಯಿರಿ. ಬ್ಯಾಂಡಿನ ಹೆಸರನ್ನು ಮುಂದೆ ಯಾರು ಬಳಸಬಹುದು, ಅಥವಾ ಯಾರೂ ಬಳಸಬಾರದಾ. ಹಳೆಯ ಹಾಡುಗಳನ್ನು ಯಾರು ಬೇಕಾದರೂ ಹಾಡಬಹುದಾ. ಒಟ್ಟಿಗೆ ಕೊಂಡ ಸೌಂಡ್ ಮಿಕ್ಸರ್ ಯಾರಿಗೆ. ಬರುವ ರಾಯಲ್ಟಿಯನ್ನು ಹಂಚುವ ಕೆಲಸ ಯಾರದು. ಅಪ್‌ಲೋಡ್ ಆದ ಹಾಡನ್ನು ಎಲ್ಲರ ಒಪ್ಪಿಗೆ ಇಲ್ಲದೆ ಯಾರೂ ತೆಗೆಯುವುದಿಲ್ಲ ಅನ್ನುವ ಸಾಲನ್ನು ದಯವಿಟ್ಟು ಬಿಡಬೇಡಿ. ಆಮೇಲೆ ಕೇಳುವವರಿಗೆ ಒಂದೇ ಹೇಳಿಕೆ ಕೊಡಿ, ನಾಲ್ವರ ಹೆಸರಲ್ಲಿ. ಒಬ್ಬರೇ ಬಿಡುತ್ತಿದ್ದರೆ ಅವರನ್ನು ಪ್ರೀತಿಯಿಂದ ಕಳಿಸಿ. ಆರ್.ಇ.ಎಂ.ನ ಡ್ರಮ್ಮರ್ ಬಿಲ್ ಬೆರಿ 1997ರಲ್ಲಿ ಹೊರಟಾಗ ಉಳಿದ ಮೂವರು ಮುಂದುವರಿಸಿದರು, 2011ರಲ್ಲಿ ಜಗಳವಿಲ್ಲದೆ ತಾವೂ ನಿಲ್ಲಿಸಿದರು. ಹಾಗೂ ಆಗುತ್ತದೆ, ಅಲ್ವಾ?

ಕೊನೆಯ ಪ್ರಾಕ್ಟೀಸ್ ಒಂದು ಮಾಡಿ, ಎಲ್ಲ ಹಾಡನ್ನೂ ಸಾಲಾಗಿ ನುಡಿಸಿ, ರೆಕಾರ್ಡ್ ಮಾಡಿ, ಫೈಲನ್ನು ಅವತ್ತೇ ನಾಲ್ವರಿಗೂ ಕಳಿಸಿ. ನಮ್ಮಲ್ಲಿ ಉಳಿದಿರುವ ಐದು ಹಾಡೂ ಫೋನ್‌ನಲ್ಲಿ ರೆಕಾರ್ಡ್ ಮಾಡಿದ್ದವೇ. ಒಂದರಲ್ಲಿ ಡ್ರಮ್ಮರ್ ಕೋಲು ತಟ್ಟಿ ಮೂರರವರೆಗೆ ಎಣಿಸುತ್ತಾನೆ, ಬಾಗಿಲು ತೆರೆದ ಸದ್ದಾಗುತ್ತದೆ, ಎಲ್ಲರೂ ನಗುತ್ತಾರೆ, ತಡವಾಗಿ ಬಂದವನು ಗಿಟಾರ್ ಸಿಕ್ಕಿಸಿಕೊಳ್ಳುವವರೆಗೆ ಕಾದು ಅವನು ಮತ್ತೆ ಒಂದರಿಂದ ಎಣಿಸುತ್ತಾನೆ.