ಗಾಳಿ ಕಮಾನು ಕಟ್ಟುವ ಬಗೆ: ಮೊದಲು ವ್ಯಾಸ, ಆಮೇಲೆ ನೂಲು

ಗಾಳಿ ತುಂಬಿ ನಿಲ್ಲಿಸುವ ಆಸರೆ ಮಾಡಲು ಹೊರಟವರು ಮೊದಲು ಕೇಳುವುದು ನೂಲಿನ ಬಗ್ಗೆ. ಕೆವ್ಲಾರ್ ಹಾಕಲೋ, ವೆಕ್ಟ್ರಾನ್ ಹಾಕಲೋ, ಡೈನೀಮಾ ಹಾಕಲೋ? ನಾನು ಈ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಕೊಳವೆಯ ವ್ಯಾಸ, ಒಳಗಿನ ಒತ್ತಡ, ಹೊಲಿಗೆಯ ಬಲ ಇವು ಮೂರೂ ತೀರ್ಮಾನವಾದರೆ ನೂಲಿನ ಆಯ್ಕೆ ಕಷ್ಟವಲ್ಲ. ಎಷ್ಟೋ ಸಲ ಅದು ಹೈ-ಟೆನಾಸಿಟಿ (ಹೆಚ್ಚು ಬಲದ) ಪಾಲಿಯೆಸ್ಟರಿಗೇ ಬಂದು ನಿಲ್ಲುತ್ತದೆ. ಸುಮಾರು 5 ಮೀಟರ್ ಅಗಲದ ಆಸರೆಗೆ ಬೇಕಾಗುವ ಅರ್ಧವೃತ್ತದ ಕಮಾನನ್ನು ನಾನು ಹೇಗೆ ಮಾಡುತ್ತೇನೆ ಎಂಬುದನ್ನು ಲೆಕ್ಕ ಸಮೇತ ಬರೆದಿದ್ದೇನೆ.

ಕೊಳವೆಯ ಸುತ್ತಳತೆಯ ದಿಕ್ಕಿನಲ್ಲಿ ಬಟ್ಟೆ ತಡೆಯಬೇಕಾದ ಎಳೆತ ಎಂದರೆ ಒತ್ತಡವನ್ನು ತ್ರಿಜ್ಯದಿಂದ ಗುಣಿಸಿದಷ್ಟು. 40 ಸೆಂ.ಮೀ. ವ್ಯಾಸದ ಕೊಳವೆಯಲ್ಲಿ 50 ಕಿಲೋಪಾಸ್ಕಲ್ ಗಾಳಿ ಇದ್ದರೆ 50,000 × 0.2, ಅಂದರೆ ಮೀಟರಿಗೆ 10,000 ನ್ಯೂಟನ್. ಬಟ್ಟೆಯ ಬಲವನ್ನು 5 ಸೆಂ.ಮೀ. ಪಟ್ಟಿಯ ಮೇಲೆ ಅಳೆಯುವುದು ವಾಡಿಕೆ. ಆ ಅಳತೆಯಲ್ಲಿ ಇದು 500 ನ್ಯೂಟನ್. ಉದ್ದದ ದಿಕ್ಕಿನಲ್ಲಿ ಇದರ ಅರ್ಧ. ಕಮಾನಾಗಿ ಬಾಗಿದ ಕೊಳವೆಯಲ್ಲಿ ಒಳಬಾಗಿನ ಕಡೆ ಎಳೆತ ಸ್ವಲ್ಪ ಏರುತ್ತದೆ, ಈ ಅಳತೆಗೆ ಶೇ. 4ರಷ್ಟು. ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ತಲೆ ಕೆಡಿಸಿಕೊಳ್ಳಬೇಕಾದದ್ದು ಬಾಗುವಿಕೆಯ ಬಗ್ಗೆ. ಗಾಳಿ ಕೊಳವೆ ಮುರಿಯುವುದಿಲ್ಲ, ಸುಕ್ಕುಗಟ್ಟುತ್ತದೆ. ಹೊರೆ ಏರಿದಂತೆ ಒಂದು ಬದಿಯ ಬಟ್ಟೆಯಲ್ಲಿ ಎಳೆತ ಸೊನ್ನೆಗೆ ಇಳಿದ ಗಳಿಗೆಗೆ ಅಲ್ಲಿ ಸುಕ್ಕು ಬೀಳುತ್ತದೆ. ಆ ಹೊರೆ ಎಷ್ಟೆಂದರೆ ಪೈ × ಒತ್ತಡ × ತ್ರಿಜ್ಯದ ಘನ, ಅದರ ಅರ್ಧ. ನಮ್ಮ ಕೊಳವೆಗೆ ಇದು ಸುಮಾರು 628 ನ್ಯೂಟನ್-ಮೀಟರ್. ಪೂರ್ತಿ ಮಡಚಿಕೊಳ್ಳುವ ಹೊರೆ ಸಿದ್ಧಾಂತದಲ್ಲಿ ಇದರ ಎರಡರಷ್ಟು. ಆದರೆ ನಾನು ಸುಕ್ಕು ಬೀಳುವ ಹಂತವನ್ನೇ ಮಿತಿ ಎಂದು ಹಿಡಿಯುತ್ತೇನೆ. ಸೂತ್ರದಲ್ಲಿ ತ್ರಿಜ್ಯ ಘನದಲ್ಲಿದೆ, ಒತ್ತಡ ಒಂದೇ ಸಲ ಬಂದಿದೆ ಎಂಬುದನ್ನು ಗಮನಿಸಿ. ತ್ರಿಜ್ಯವನ್ನು ಎರಡರಷ್ಟು ಮಾಡಿ ಒತ್ತಡವನ್ನು ಅರ್ಧಕ್ಕಿಳಿಸಿದರೆ ಬಟ್ಟೆಯ ಮೇಲಿನ ಎಳೆತ ಮೊದಲಿನಷ್ಟೇ ಇರುತ್ತದೆ, ಆದರೆ ಕೊಳವೆ ತಡೆಯುವ ಹೊರೆ ನಾಲ್ಕರಷ್ಟಾಗುತ್ತದೆ. ತೆಳ್ಳಗಿನ ಕೊಳವೆಯೊಳಗೆ ಹೆಚ್ಚು ಒತ್ತಡ ತುಂಬಿ ದುಬಾರಿ ನೂಲು ಹುಡುಕುವುದಕ್ಕಿಂತ ದಪ್ಪ ಕೊಳವೆ ಎಷ್ಟೋ ಮೇಲು. 1970ರ ಒಸಾಕಾ ಎಕ್ಸ್‌ಪೋದಲ್ಲಿ ಯುಟಾಕಾ ಮುರಾಟಾ ವಿನ್ಯಾಸ ಮಾಡಿದ ಫ್ಯೂಜಿ ಮಂಟಪದಲ್ಲಿ ಇದ್ದದ್ದು 16 ಗಾಳಿ ಕಮಾನುಗಳು, ಒಂದೊಂದರ ವ್ಯಾಸ 4 ಮೀಟರ್. ಅದರ ಬಟ್ಟೆ ವಿನೈಲಾನ್ ಕ್ಯಾನ್ವಾಸು, ಇವತ್ತಿನ ಸೂಪರ್ ನೂಲಲ್ಲ. ದಪ್ಪಕ್ಕೂ ಒಂದು ಮಿತಿ ಇದೆ ನಿಜ. ಗಾಳಿಯ ಪ್ರಮಾಣ, ಮಡಚಿದಾಗಿನ ಗಾತ್ರ, ಬೀಸುಗಾಳಿಗೆ ಒಡ್ಡುವ ಮೈ ಎಲ್ಲವೂ ಬೆಳೆಯುತ್ತವೆ. 5 ಮೀಟರ್ ಅಗಲಕ್ಕೆ 40 ಸೆಂ.ಮೀ. ನನಗೆ ಒಗ್ಗಿದ ಅಳತೆ.

ಒತ್ತಡದ ಲೆಕ್ಕದಲ್ಲಿ ಬಿಸಿಲನ್ನು ಬಿಡಬಾರದು. 20 ಡಿಗ್ರಿಯಲ್ಲಿ 50 ಕಿಲೋಪಾಸ್ಕಲ್ ತುಂಬಿದ ಕಮಾನು ಬಿಸಿಲಲ್ಲಿ 50 ಡಿಗ್ರಿಗೆ ಏರಿದರೆ ಗೇಜ್ (ಒತ್ತಡ ಮಾಪಕ) 65 ತೋರಿಸುತ್ತದೆ. ಬಿಸಿಯಿಂದ ಏರುವುದು ವಾತಾವರಣದ್ದೂ ಸೇರಿದ ಒಟ್ಟು ಒತ್ತಡ, ಬರೀ ಗೇಜಿನದ್ದಲ್ಲ. ಅದಕ್ಕೇ ಈ ಜಿಗಿತ ಅಷ್ಟು ದೊಡ್ಡದು. ಹಾಗಾಗಿ 60ಕ್ಕೆ ತಾನೇ ತೆರೆದು ಹೆಚ್ಚಿನ ಗಾಳಿ ಬಿಡುವ ರಿಲೀಫ್ ವಾಲ್ವ್ ಕಡ್ಡಾಯ. ಹಗಲು 60ಕ್ಕೆ ಗಾಳಿ ಬಿಟ್ಟ ಕಮಾನು ರಾತ್ರಿ 10 ಡಿಗ್ರಿಗೆ ತಣಿದಾಗ 40ಕ್ಕೆ ಇಳಿದಿರುತ್ತದೆ, ಸುಕ್ಕಿನ ಮಿತಿಯೂ 628ರಿಂದ ಸುಮಾರು 500ಕ್ಕೆ ಬಂದಿರುತ್ತದೆ. ಬಿರುಗಾಳಿ ಬೀಸುವುದಕ್ಕೆ ಹಗಲೇ ಆಗಬೇಕೆಂದಿಲ್ಲವಲ್ಲ. ಅದಕ್ಕೆ ಬಟ್ಟೆ, ಹೊಲಿಗೆಗಳನ್ನು 60ಕ್ಕೆ ತಾಳೆ ನೋಡುತ್ತೇನೆ, ಕಮಾನಿನ ತಾಕತ್ತನ್ನು 40ಕ್ಕೆ ಲೆಕ್ಕ ಹಾಕುತ್ತೇನೆ.

ಈಗ ನೂಲು. 1965ರಲ್ಲಿ ಡುಪಾಂಟ್‌ನ ಸ್ಟೆಫನಿ ಕ್ವೊಲೆಕ್ ಕಂಡುಹಿಡಿದ ದ್ರವಸ್ಫಟಿಕ ಪಾಲಿಮರ್ ದ್ರಾವಣದಿಂದ ಕೆವ್ಲಾರ್ ಹುಟ್ಟಿತು. ಅದರ ಬಲ ಟೆಕ್ಸಿಗೆ (ಟೆಕ್ಸ್ ಎಂದರೆ ಸಾವಿರ ಮೀಟರ್ ನೂಲಿನ ಗ್ರಾಂ ತೂಕ) ಸುಮಾರು 200 ಸೆಂಟಿನ್ಯೂಟನ್. ಹೈ-ಟೆನಾಸಿಟಿ ಪಾಲಿಯೆಸ್ಟರಿನದು 70ರ ಆಸುಪಾಸು. ಆದರೆ ಗಾಳಿ ಕಮಾನಿನ ಕೆಲಸ ದಿನವೂ ಬಿಚ್ಚಿ ಮಡಚುವುದು. ಕೆವ್ಲಾರಿನಂಥ ಅರಾಮಿಡ್ ನೂಲನ್ನು ಒಂದೇ ಗೆರೆಯಲ್ಲಿ ಪದೇಪದೇ ಮಡಚಿದರೆ ಎಳೆಯೊಳಗೆ ಒತ್ತುಗೆರೆಗಳು ಬಿದ್ದು ಬಲ ಕುಂದುತ್ತದೆ, ಬಿಸಿಲಿಗೂ ಅದು ಬೇಗ ಸೋಲುತ್ತದೆ. ವೆಕ್ಟ್ರಾನ್ ಮಡಿಕೆಯನ್ನು ಚೆನ್ನಾಗಿ ತಾಳುತ್ತದೆ, ನಿರಂತರ ಎಳೆತದಲ್ಲಿ ಹಿಗ್ಗುವುದೂ ಇಲ್ಲವೆನ್ನುವಷ್ಟು ಕಡಿಮೆ. 1997ರಲ್ಲಿ ಮಂಗಳದ ಮೇಲಿಳಿದ ನಾಸಾದ ಪಾಥ್‌ಫೈಂಡರ್ ನೌಕೆಯ ಗಾಳಿಚೀಲಗಳು ವೆಕ್ಟ್ರಾನಿನವೇ. ಅಲ್ಲಿ ಒಂದು ದಪ್ಪ ಬಟ್ಟೆಯ ಬದಲು ಹಲವು ತೆಳು ಪದರ ಹಾಕಿ ಕಲ್ಲಿನ ಹೊಡೆತ ತಡೆದರು. ಬಿಸಿಲಿಗೆ ಮಾತ್ರ ವೆಕ್ಟ್ರಾನಿಗೂ ಹೊದಿಕೆ ಬೇಕೇ ಬೇಕು. ಡೈನೀಮಾ ತೂಕದ ಲೆಕ್ಕದಲ್ಲಿ ಇವೆಲ್ಲಕ್ಕಿಂತ ಬಲಶಾಲಿ, ನೀರಿನಲ್ಲಿ ತೇಲುವಷ್ಟು ಹಗುರ. ಆದರೂ ಸದಾ ಒತ್ತಡದಲ್ಲಿರುವ ಕೊಳವೆಗೆ ನಾನು ಅದನ್ನು ಬಳಸುವುದಿಲ್ಲ: ನಿರಂತರ ಎಳೆತದಲ್ಲಿ ಅದು ನಿಧಾನವಾಗಿ ಹಿಗ್ಗುತ್ತಲೇ ಹೋಗುತ್ತದೆ, ಸುಮಾರು 145 ಡಿಗ್ರಿಗೇ ಕರಗುತ್ತದೆ, ಅಂಟು ಅದರ ಮೇಲೆ ಕೂರುವುದಿಲ್ಲ.

ಇವೆಲ್ಲಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಈ ಗಟ್ಟಿ ನೂಲುಗಳು ತುಂಡಾಗುವ ಮುನ್ನ ಹಿಗ್ಗುವುದು ಶೇ. 3ರಿಂದ 4 ಅಷ್ಟೇ. ಪಾಲಿಯೆಸ್ಟರ್ ಶೇ. 12ರ ಮೇಲೂ ಹಿಗ್ಗುತ್ತದೆ. ಕೈಯಲ್ಲಿ ಕತ್ತರಿಸಿ ಹೊಲಿದ ತುಂಡುಗಳಲ್ಲಿ ಒಂದು ಅಂಚು 3 ಮಿ.ಮೀ. ಗಿಡ್ಡ ಬಂದರೆ ಪಾಲಿಯೆಸ್ಟರ್ ಅಲ್ಲಿ ಹಿಗ್ಗಿ ಹೊರೆಯನ್ನು ಅಕ್ಕಪಕ್ಕಕ್ಕೆ ಹಂಚುತ್ತದೆ. ವೆಕ್ಟ್ರಾನಿನಲ್ಲಿ ಆ ಗಿಡ್ಡ ಅಂಚೇ ಪೂರ್ತಿ ಹೊರೆ ಹೊರುತ್ತದೆ, ಬಟ್ಟೆ ಹರಿಯುವುದೂ ಅಲ್ಲಿಂದಲೇ ಶುರುವಾಗುತ್ತದೆ. ಮಿಲಿಮೀಟರಿನೊಳಗೆ ಕತ್ತರಿಸುವ ಯಂತ್ರ ಇಲ್ಲದವರು ಪಾಲಿಯೆಸ್ಟರಿನಲ್ಲೇ ಇರುವುದು ಕ್ಷೇಮ.

ನನ್ನ ಕಮಾನಿಗೆ ಎರಡು ಚೀಲ. ಗಾಳಿ ಹಿಡಿಯುವುದು ಒಳಚೀಲ, ಹೊರೆ ಹೊರುವುದು ಲೇಪನವಿಲ್ಲದ ಹೊರಚೀಲ. ಲೇಪನ ಹಾಕಿದ ಒಂದೇ ಬಟ್ಟೆಯಲ್ಲಿ ಎರಡೂ ಕೆಲಸ ಮಾಡಿಸಬಹುದು. ಆದರೆ ಲೇಪನ ನೂಲುಗಳನ್ನು ಕದಲದಂತೆ ಕಟ್ಟಿಹಾಕುತ್ತದೆ, ಬಟ್ಟೆ ಹರಿಯತೊಡಗಿದಾಗ ಅವು ಒಟ್ಟುಗೂಡಿ ತಡೆಯಲಾರದೆ ಒಂದೊಂದಾಗಿ ತುಂಡಾಗುತ್ತವೆ. ಸಾಲದ್ದಕ್ಕೆ ಕತ್ತರಿಸಿದ ಅಂಚಿನಲ್ಲಿ ನೂಲಿನ ಎಳೆಗಳ ನಡುವೆಯೇ ಗಾಳಿ ಜಿನುಗುತ್ತದೆ. ಆ ಸೋರಿಕೆ ಸಾಬೂನು ನೀರಿಗೆ ಸಿಗುವುದು ಬೆಸುಗೆಯಿಂದ ಎಷ್ಟೋ ದೂರದಲ್ಲಿ, ಮೂಲ ಹುಡುಕುವುದೇ ಒಂದು ಕೆಲಸ.

ಹೊರಚೀಲದ ಬಟ್ಟೆ ಎರಡೂ ದಿಕ್ಕಿನಲ್ಲಿ 5 ಸೆಂ.ಮೀ.ಗೆ 3,000 ನ್ಯೂಟನ್ ತಾಳುವಂಥದ್ದು. ಹೊಲಿಗೆಯಲ್ಲಿ ಅದರ ಮುಕ್ಕಾಲು ಉಳಿದರೆ 2,250. ಮಾಮೂಲಿ 500ಕ್ಕೆ ಇದು ನಾಲ್ಕೂವರೆ ಪಟ್ಟು, ರಿಲೀಫ್ ವಾಲ್ವ್ ತೆರೆಯುವ ಹೊತ್ತಿಗೆ ಬರುವ 600ಕ್ಕೆ ಮೂರೂ ಮುಕ್ಕಾಲು ಪಟ್ಟು. ನಾಲ್ಕರ ಸುತ್ತಮುತ್ತ ಇದ್ದರೆ ಒಪ್ಪುತ್ತೇನೆ, ಮೂರಕ್ಕೆ ಇಳಿದರೆ ಒಪ್ಪುವುದಿಲ್ಲ. ಬಿಸಿಲು, ಮಡಿಕೆ, ಉಜ್ಜಾಟ ಎಲ್ಲವೂ ಇದರಿಂದಲೇ ಕಡಿದುಕೊಳ್ಳುತ್ತವೆ.

ಕಮಾನಿನ ಆಕಾರ ಬರುವುದು ಕತ್ತರಿಸುವುದರಲ್ಲಿ. ನೆಟ್ಟಗಿನ ಕೊಳವೆಯನ್ನು ಎಳೆದು ಬಗ್ಗಿಸಿದರೆ ಒಳಬಾಗಿನಲ್ಲಿ ಆಗಲೇ ಸುಕ್ಕು ಬಿದ್ದಿರುತ್ತದೆ, ಹೊರೆ ಬರುವ ಮೊದಲೇ ಅರ್ಧ ತಾಕತ್ತು ಹೋಯಿತು. ನಾನು 12 ತುಂಡುಗಳಲ್ಲಿ ಮಾಡುತ್ತೇನೆ, ತುಂಡಿಗೆ 15 ಡಿಗ್ರಿ ತಿರುವು. ಕಮಾನಿನ ಮಧ್ಯರೇಖೆಯ ತ್ರಿಜ್ಯ 2.55 ಮೀಟರ್ ಆದರೆ ತುಂಡಿನ ನಡುವಿನ ಉದ್ದ 67 ಸೆಂ.ಮೀ., ಸುತ್ತಳತೆ 1,257 ಮಿ.ಮೀ., ಅದರ ಮೇಲೆ ಹೊಲಿಗೆಯ ಅಂಚು. ತುಂಡಿನ ಎರಡೂ ತುದಿ ನೇರಗೆರೆಯಲ್ಲ, ಒಂದು ಅಲೆ. ನಡುಗೆರೆಯಿಂದ ಮೇಲೆ 26 ಮಿ.ಮೀ., ಕೆಳಗೆ 26 ಮಿ.ಮೀ., ಕೊಸೈನ್ ವಕ್ರದಂತೆ. ಹೀಗಾಗಿ ಹೊರಬಾಗಿನ ಉದ್ದ ಒಳಬಾಗಿಗಿಂತ 105 ಮಿ.ಮೀ. ಹೆಚ್ಚು. ತಗಡಿನ ಮೇಲೆ ಒಂದು ಅಚ್ಚು ಕತ್ತರಿಸಿಟ್ಟುಕೊಂಡು ಎಲ್ಲ ತುಂಡನ್ನೂ ಅದರಿಂದಲೇ ಗೆರೆ ಎಳೆಯುತ್ತೇನೆ, ತುಂಡಿನ ಸುತ್ತಳತೆಯನ್ನು ಎಂಟು ಭಾಗ ಮಾಡಿ ಗುರುತು ಹಾಕುತ್ತೇನೆ. ಹೊಲಿಯುವಾಗ ಎಂಟೂ ಗುರುತು ಕೂಡಬೇಕು.

ಹಾಸು ನೂಲು ಸುತ್ತಳತೆಯ ದಿಕ್ಕಿಗೆ ಬರಬೇಕು. ಮಗ್ಗದಲ್ಲಿ ಹಾಸು ಬಿಗಿಯಾಗಿ, ನೆಟ್ಟಗೆ ನಿಂತಿರುತ್ತದೆ. ಹೊಕ್ಕು ಅದರ ಮೇಲೆ ಕೆಳಗೆ ಅಲೆಯುವುದರಿಂದ ಮೊದಲ ಎಳೆತಕ್ಕೆ ಹೆಚ್ಚು ಹಿಗ್ಗುತ್ತದೆ. ಎರಡರಷ್ಟು ಎಳೆತ ಇರುವ ಕಡೆ ಹಾಸು ಇದ್ದರೆ ವ್ಯಾಸ ಹಿಡಿತದಲ್ಲಿರುತ್ತದೆ. ಬಟ್ಟೆ ಎರಡು ಮೂರು ಡಿಗ್ರಿ ಓರೆಯಾಗಿ ಕತ್ತರಿಸಿದ್ದರೂ ಗಾಳಿ ತುಂಬಿದಾಗ ಕೊಳವೆ ತಿರುಚಿಕೊಳ್ಳುತ್ತದೆ, ಕಮಾನು ಒಂದು ಪಕ್ಕಕ್ಕೆ ವಾಲುತ್ತದೆ. ಬಟ್ಟೆಯ ಅಂಚನ್ನು ನಂಬದೆ ಒಂದು ನೂಲನ್ನು ಎಳೆದು ತೆಗೆದು, ಆ ಗೆರೆಯನ್ನೇ ಆಧಾರವಾಗಿ ಹಿಡಿಯಿರಿ.

ಹೊಲಿಗೆಗೆ ಟೆಕ್ಸ್ 135ರ ಬಾಂಡೆಡ್ ಪಾಲಿಯೆಸ್ಟರ್ ದಾರ, ಅದರ ಬಲ 98 ನ್ಯೂಟನ್ನಿನಷ್ಟು. ಲಾಕ್‌ಸ್ಟಿಚ್‌ನಲ್ಲಿ ಸೆಂಟಿಮೀಟರಿಗೆ ಮೂರು ಹೊಲಿಗೆ. ರೂಢಿಯ ಲೆಕ್ಕ ಹೀಗೆ: ಹೊಲಿಗೆಯ ಸಂಖ್ಯೆ × ದಾರದ ಬಲ × 1.5. ಒಂದು ಸಾಲಿಗೆ ಸೆಂಟಿಮೀಟರಿಗೆ 441 ನ್ಯೂಟನ್, ಅಂದರೆ 5 ಸೆಂ.ಮೀ.ಗೆ 2,200 ಚಿಲ್ಲರೆ. ಒಂದೇ ಸಾಲು ಸಾಕೆಂದು ಕಾಣುತ್ತದೆ. ಆದರೆ ದಾರ ಮೇಲೆ ಎದ್ದು ಕಾಣುವ ಕಡೆ ಮೊದಲು ಸವೆಯುವುದು ಅದೇ, ಹಾಗಾಗಿ ಅಂಚುಗಳನ್ನು ಒಂದರೊಳಗೊಂದು ಮಡಿಸಿ ಎರಡು ಸಾಲು, 8 ಮಿ.ಮೀ. ಅಂತರದಲ್ಲಿ. ಹೊಲಿಗೆ ಇನ್ನೂ ಒತ್ತಾದರೆ ಬಲ ಹೆಚ್ಚುವುದಿಲ್ಲ, ಸೂಜಿ ತೂತುಗಳ ಸಾಲಿನಲ್ಲೇ ಬಟ್ಟೆ ಸೀಳುತ್ತದೆ. ಸೂಜಿ 140ನೇ ನಂಬರಿನದು, ದುಂಡು ಮೊನೆ. ಚರ್ಮಕ್ಕೆ ಬಳಸುವ ಅಲಗು ಮೊನೆಯ ಸೂಜಿ ನೂಲುಗಳನ್ನು ಸರಿಸುವ ಬದಲು ಕತ್ತರಿಸುತ್ತದೆ. ಹೊಲಿಗೆ ನೋಡಲು ಅಂದವಾಗಿದ್ದರೂ ಬಲ ಹೋಗಿರುತ್ತದೆ. ಪಾಲಿಯೆಸ್ಟರಿನ ಅಂಚನ್ನು ಬಿಸಿ ಅಲಗಿನಲ್ಲಿ ಕತ್ತರಿಸಿದಾಗ ಕರಗಿ ಗಟ್ಟಿಯಾದ ಮಣಿಯಂಥ ಗೆರೆ ಉಳಿಯುತ್ತದೆ. ಅದು ಒಳಮುಖವಾಗಿ ಉಳಿದರೆ ಒಳಚೀಲವನ್ನು ಗರಗಸದಂತೆ ತಿನ್ನುತ್ತದೆ. ಮಡಿಕೆಯೊಳಗೆ ಅದು ಮುಚ್ಚಿಹೋಗಿದೆಯೇ ಎಂದು ಇಡೀ ಹೊಲಿಗೆಯ ಮೇಲೆ ಬೆರಳಾಡಿಸಿ ನೋಡಬೇಕು.

ಒಳಚೀಲಕ್ಕೆ 0.3 ಮಿ.ಮೀ. ಟಿಪಿಯು (ಥರ್ಮೋಪ್ಲಾಸ್ಟಿಕ್ ಪಾಲಿಯುರೆಥೇನ್ ಎಂಬ ರಬ್ಬರಿನಂಥ ಪ್ಲಾಸ್ಟಿಕ್) ಹಾಳೆ. ಪಾಲಿಈಥರ್ ಬಗೆಯದ್ದೇ ಆಗಬೇಕು. ಪಾಲಿಯೆಸ್ಟರ್ ಬಗೆಯ ಟಿಪಿಯು ತೇವ ಮತ್ತು ಸೆಕೆಯಲ್ಲಿ ವರ್ಷಗಟ್ಟಲೆ ಇದ್ದರೆ ನೀರಿನಂಶದಿಂದಲೇ ಒಡೆದು ಅಂಟಂಟಾಗುತ್ತದೆ. ಒಳಚೀಲ ಹೊರಚೀಲಕ್ಕಿಂತ ದೊಡ್ಡದಿರಬೇಕು, ಹೊರೆ ಅದರ ಮೇಲೆ ಬೀಳಕೂಡದು. ಸುತ್ತಳತೆ ಶೇ. 5 ಹೆಚ್ಚು, 1,320 ಮಿ.ಮೀ. ಉದ್ದವನ್ನು ಮಧ್ಯರೇಖೆಯ ಲೆಕ್ಕದಲ್ಲಿ 8 ಮೀಟರ್ ಎಂದು ಕತ್ತರಿಸಿದರೆ ಹೊರಬಾಗಿನಲ್ಲಿ ಚೀಲ ಸಾಲದೆ ಬೆಸುಗೆ ಬಿಡುತ್ತದೆ. ಅಲ್ಲಿನ ಉದ್ದ 8.64 ಮೀಟರ್. ನಾನು 8.9 ಮೀಟರ್ ಇಡುತ್ತೇನೆ. ಒಳಬಾಗಿನಲ್ಲಿ ನಿರಿಗೆಗಳು ಬೀಳುತ್ತವೆ, ಬೀಳಲಿ. ಚೀಲದ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದು, ಟಾಲ್ಕ್ ಪುಡಿ ಹಚ್ಚಿ, ಆ ಗೆರೆಯನ್ನು ಹೊರಚೀಲದ ಹೊಲಿಗೆಗೆ ಸರಿಯಾಗಿ ಹಿಡಿದು ಎಳೆಯಬೇಕು. ಇಲ್ಲದಿದ್ದರೆ ಒಳಗೆ ತಿರುಚಿಕೊಂಡು ಎಲ್ಲೋ ಒಂದು ಕಡೆ ಗಾಳಿಯೇ ಹೋಗುವುದಿಲ್ಲ.

ತುದಿಗಳಲ್ಲಿ ಎಳೆತ 6,280 ನ್ಯೂಟನ್. ಚಪ್ಪಟೆ ಮಾಡಿದ ಹೊರಚೀಲವನ್ನು 10 ಮಿ.ಮೀ. ಸರಳಿಗೆ ಸುತ್ತಿ, ಸರಳಿನ ಈಚೆಗೆ ಎರಡು ಅಲ್ಯೂಮಿನಿಯಂ ಪಟ್ಟಿಗಳ ನಡುವೆ ಬೋಲ್ಟ್ ಹಾಕುತ್ತೇನೆ. ಬೋಲ್ಟಿನ ಬಿಗಿ ಸಡಿಲವಾದರೂ ಸರಳು ಪಟ್ಟಿಯ ಸಂದಿಯಿಂದ ಜಾರಲಾರದು. ಪಟ್ಟಿಯ ಅಂಚುಗಳನ್ನು ದುಂಡಗೆ ಉಜ್ಜದಿದ್ದರೆ ಬಟ್ಟೆ ಅಲ್ಲೇ ಕತ್ತರಿಸಿಹೋಗುತ್ತದೆ.

ಮೊದಲ ಕಮಾನನ್ನು ಹೊಲಿಯುವ ಮುನ್ನ ಅದೇ ಬಟ್ಟೆ, ಅದೇ ದಾರ, ಅದೇ ತುದಿಯ ಪಟ್ಟಿ ಹಾಕಿ ಒಂದು ಮೀಟರಿನ ತುಂಡು ಮಾಡಿ, ತುಂಡುಗಳು ಕೂಡುವ ಅಲೆಯಂಚಿನ ಎರಡು ಹೊಲಿಗೆಗಳನ್ನೂ ಅದರಲ್ಲಿ ಸೇರಿಸಿ, ನೀರು ತುಂಬಿ ಒಡೆಯುವವರೆಗೂ ಒತ್ತಡ ಏರಿಸಬೇಕು. 200 ಕಿಲೋಪಾಸ್ಕಲ್ ದಾಟದಿದ್ದರೆ ಮುಂದಕ್ಕೆ ಹೋಗಬಾರದು. ಗಾಳಿಯಲ್ಲಿ ಈ ಪರೀಕ್ಷೆ ಬೇಡವೇ ಬೇಡ. 50 ಕಿಲೋಪಾಸ್ಕಲ್ ಇರುವ ಇಡೀ ಕಮಾನಿನಲ್ಲಿ ಸುಮಾರು 10 ಕಿಲೋಜೂಲ್ ಶಕ್ತಿ ಅಡಗಿರುತ್ತದೆ. 100 ಕಿಲೋ ತೂಕ 10 ಮೀಟರ್ ಎತ್ತರದಿಂದ ಬಿದ್ದಷ್ಟು. ನೀರು ಕುಗ್ಗುವುದಿಲ್ಲ, ಹಾಗಾಗಿ ಒಡೆದಾಗ ಸಿಡಿಯುವ ಬದಲು ಚೆಲ್ಲುತ್ತದೆ. ಒಡೆದ ತುಂಡನ್ನು ಎಸೆಯದೆ ನೋಡಿ. ದಾರ ತುಂಡಾಗಿದ್ದರೆ ಹೊಲಿಗೆ ಕಡಿಮೆಯಾಯಿತು, ತೂತುಗಳ ಸಾಲಿನಲ್ಲಿ ಸೀಳಿದ್ದರೆ ಹೊಲಿಗೆ ಹೆಚ್ಚಾಯಿತು, ಪಟ್ಟಿಯ ಪಕ್ಕದಲ್ಲಿ ಹೋಗಿದ್ದರೆ ಅಂಚು ಉಜ್ಜಿದ್ದು ಸಾಲದು.

ಪೂರ್ತಿ ಕಮಾನನ್ನು ನೆಲದ ಮೇಲೆ ಮಲಗಿಸಿ ಮೊದಲು 10 ಕಿಲೋಪಾಸ್ಕಲ್‌ಗೆ ತುಂಬಿ ಹೊಲಿಗೆಗಳನ್ನು ನೋಡಿ, ಗಾಳಿ ಇಳಿಸಿ, ರಿಲೀಫ್ ವಾಲ್ವಿನ ಜಾಗಕ್ಕೆ ಮುಚ್ಚಳ ಹಾಕಿ, ಮತ್ತೆ ಹಂತಹಂತವಾಗಿ 75ರವರೆಗೆ. 10 ದಾಟಿದ ಮೇಲೆ ತುದಿಗಳ ನೇರಕ್ಕೆ ಯಾರೂ ನಿಲ್ಲಬಾರದು, ಪಂಪು, ಗೇಜು ಎರಡೂ ಉದ್ದನೆಯ ಕೊಳವೆಯಲ್ಲಿ ದೂರ ಇರಬೇಕು. ಮೊದಲ ಸಲ ತುಂಬಿ ಬಿಟ್ಟಾಗ ಗೇಜು ಇಳಿಯುವುದು ಸಹಜ, ಹೊಕ್ಕು ನೂಲು ನೆಟ್ಟಗಾಗಿ ಚೀಲದ ಗಾತ್ರ ಹೆಚ್ಚುತ್ತದೆ. ಅದನ್ನು ಸೋರಿಕೆ ಎಂದುಕೊಂಡು ಬಿಚ್ಚಬೇಡಿ. ಸೋರಿಕೆಯ ಅಳತೆ ಎರಡನೇ ತುಂಬುವಿಕೆಯಿಂದ, ಅದೂ ಬಿಸಿಲಿಲ್ಲದ ಹೊತ್ತಿನಲ್ಲಿ, ಉಷ್ಣತೆಯನ್ನು ಪಕ್ಕದಲ್ಲಿ ಬರೆದುಕೊಂಡು.

ನಿಲ್ಲಿಸಿದ ಕಮಾನುಗಳಿಗೆ ಪಕ್ಕದ ಹಗ್ಗಗಳು ಅಲಂಕಾರವಲ್ಲ. ಸೆಕೆಂಡಿಗೆ 20 ಮೀಟರ್ ಬೀಸುವ ಗಾಳಿಯ ಒತ್ತಡ 245 ಪಾಸ್ಕಲ್. ಎರಡು ಮೀಟರಿಗೊಂದು ಕಮಾನು ಎಂದರೆ ಮೀಟರಿಗೆ 490 ನ್ಯೂಟನ್. ಹಗ್ಗವಿಲ್ಲದೆ ಹೆಗಲಿನ ಜಾಗದಲ್ಲಿ ಬಾಗುವ ಹೊರೆ ರಾತ್ರಿಯ 500ರ ಮಿತಿಯ ಹತ್ತಿರ ಬಂದುಬಿಡುತ್ತದೆ. ಹಗ್ಗವನ್ನು ಹೊರಚೀಲಕ್ಕೆ ನೇರ ಹೊಲಿಯದೆ, ಕಮಾನಿನ ಸುತ್ತ ಬರುವ 50 ಮಿ.ಮೀ. ಅಗಲದ ಬಟ್ಟೆ ಪಟ್ಟಿಗೆ ಕಟ್ಟಿ. ಬಿಸಿಲು ತಡೆಯಲು ಎಲ್ಲದರ ಮೇಲೆ ಪಿವಿಸಿ ಲೇಪಿತ ಪಾಲಿಯೆಸ್ಟರ್ ಹೊದಿಕೆ ಇರಲಿ. ಮಡಚಿಡುವಾಗ ಎರಡು ಚೀಲಗಳ ನಡುವಿನ ತೇವ ಆರಿದೆಯೇ ನೋಡಿ, ಹಾಗೆಯೇ ಪ್ರತಿ ಸಲ ಬೇರೆ ಗೆರೆಯಲ್ಲಿ ಮಡಚಿ. ಒಳಚೀಲದ ಸೂಜಿತೂತುಗಳು ಹೆಚ್ಚಾಗಿ ಕಾಣಿಸಿಕೊಳ್ಳುವುದು ಎರಡು ಮಡಿಕೆಗಳು ಕೂಡುವ ಮೂಲೆಯಲ್ಲಿ.