‘ಆಂದ್ರೆಯಾಸ್’ ಯಾರು? ಅಥೆನ್ಸ್‌ಗೆ ಹೊಸದಾಗಿ ಬಂದವರಿಗೆ

ಅಥೆನ್ಸ್‌ನಲ್ಲಿ ಮನೆ ಹಿಡಿದು ಸ್ವಲ್ಪ ದಿನಕ್ಕೇ ‘ಆಂದ್ರೆಯಾಸ್’ ಅನ್ನೋ ಹೆಸರು ಕಿವಿಗೆ ಬೀಳುತ್ತದೆ. ಪಕ್ಕದ ಮನೆ ಹುಡುಗ ಇರಬೇಕು ಅಂತ ನಾನೂ ಅಂದುಕೊಂಡಿದ್ದೆ. ಅವರು ಪ್ರಧಾನಿ ಆಗಿದ್ದ ಆಂದ್ರೆಯಾಸ್ ಪಾಪಾಂದ್ರೆಯು. ತೀರಿಕೊಂಡಿದ್ದು 1996ರಲ್ಲಿ. ಅಪ್ಪನೂ ಪ್ರಧಾನಿ, ಮಗನೂ ಪ್ರಧಾನಿ.

ಮೊದಲು ನಿಮ್ಮ ಬಿಲ್ಡಿಂಗಿನ ಕೆಳಗೆ ಬೆಲ್ ಹತ್ತಿರ ಅಂಟಿಸಿರುವ ಹೆಸರುಗಳನ್ನು ನೋಡಿ. ಒಂದೇ ಮನೆಗೆ ಎರಡೆರಡು ಮನೆತನದ ಹೆಸರು. ಬಾಡಿಗೆಗೆ ಇರುವ ಸ್ನೇಹಿತರಲ್ಲ, ಗಂಡ ಹೆಂಡತಿ! 1983ರಲ್ಲಿ ಅವರ ಸರ್ಕಾರ ತಂದ ಕಾನೂನಿನ ಪ್ರಕಾರ ಮದುವೆ ಆದ ಮೇಲೂ ಹೆಂಗಸರಿಗೆ ತವರಿನ ಹೆಸರೇ. ವರದಕ್ಷಿಣೆ ತೆಗೆದುಹಾಕಿದ್ದೂ ಅದೇ ಕಾನೂನು. ನಮ್ಮಲ್ಲಿ ಅದರ ನಿಷೇಧ 1961ರಲ್ಲೇ ಬಂತು, ಗತಿ ಏನಾಯ್ತು ಅಂತ ನಿಮಗೇ ಗೊತ್ತು.

ಸರ್ಕಾರಿ ಆಸ್ಪತ್ರೆಗಳ ‘ಎಸಿ’ ವ್ಯವಸ್ಥೆಯೂ 1983ರದ್ದೇ. (ತಂಪು ಮಾಡುವ ಎಸಿ ಅಲ್ಲ, ರಾಷ್ಟ್ರೀಯ ಆರೋಗ್ಯ ವ್ಯವಸ್ಥೆಯ ಗ್ರೀಕ್ ಮೊದಲಕ್ಷರಗಳು.) ಇಲ್ಲಿ ತುರ್ತು ಚಿಕಿತ್ಸೆಗೆ ಆಸ್ಪತ್ರೆಗಳು ಸರದಿ ಮೇಲೆ ತೆರೆದಿರುತ್ತವೆ. ಅದಕ್ಕೆ ‘ಎಫಿಮೆರಿಯಾ’ ಅಂತಾರೆ. ಮಗುವಿಗೆ ಜ್ವರ ಬಂದ ರಾತ್ರಿ ಇದು ಗೊತ್ತಿಲ್ಲದೆ ನಾವು ಹತ್ತಿರದ ಆಸ್ಪತ್ರೆಗೆ ಓಡಿದೆವು. ಬಾಗಿಲಲ್ಲೇ ‘ಇವತ್ತು ನಮ್ಮ ಸರದಿ ಅಲ್ಲ’ ಅಂದರು. ಹೊರಡುವ ಮೊದಲು ಸರದಿ ನೋಡಿಕೊಳ್ಳಿ. ಆಂಬುಲೆನ್ಸ್‌ಗೆ 166. ಡಾಕ್ಟರ ಕೈಗೆ ಗುಟ್ಟಾಗಿ ಕೊಡುವ ‘ಫಕೆಲಾಕಿ’, ಅಂದ್ರೆ ಪುಟ್ಟ ಲಕೋಟೆಯ ಕಥೆಯೂ ಕೇಳ್ತೀರಿ. ಅದರ ಸಹವಾಸಕ್ಕೆ ಹೋಗಬೇಡಿ.

ಗ್ರೀಕ್ ಕಲಿಯೋರಿಗೆ ಒಂದು ಸಮಾಧಾನ: 1982ರವರೆಗೆ ಅಕ್ಷರದ ನೆತ್ತಿ ಮೇಲೆ ನಾಲ್ಕೈದು ಬಗೆ ಗುರುತು ಇದ್ದವು, ಅವರ ಕಾಲದಲ್ಲಿ ಒಂದೇ ಉಳಿಯಿತು. ಅದನ್ನು ಮಾತ್ರ ಬಿಡಬೇಡಿ. ‘ನೋಮೊಸ್’ಗೆ ಒತ್ತು ಮೊದಲು ಬಿದ್ದರೆ ಕಾನೂನು, ಕೊನೆಗೆ ಬಿದ್ದರೆ ಜಿಲ್ಲೆ.

ಇಷ್ಟೆಲ್ಲ ಓದಿ ಅವರನ್ನು ಹೊಗಳಿಬಿಡಬೇಡಿ ಮತ್ತೆ! 1981ರಲ್ಲಿ ‘ಅಲಾಯೀ’, ಅಂದ್ರೆ ಬದಲಾವಣೆ, ಅಂತ ಕೂಗಿ ಗೆದ್ದವರು. ಆ ದಶಕದಲ್ಲೇ ದೇಶದ ಸಾಲವೂ ಬೆಳೆಯಿತು. ಬ್ಯಾಂಕ್ ಹಗರಣದಲ್ಲಿ ವಿಚಾರಣೆ ಆಯ್ತು, 1992ರಲ್ಲಿ ಖುಲಾಸೆ, ಮರುವರ್ಷ ಮತ್ತೆ ಪ್ರಧಾನಿ. ಬಡವರನ್ನು ಮನುಷ್ಯರಂತೆ ಕಂಡಿದ್ದು ಅವರೊಬ್ಬರೇ ಅಂತ ನಮ್ಮ ಮೇಲಿನ ಮನೆ ಅಜ್ಜಿ ಕಣ್ಣೊರೆಸಿಕೊಳ್ತಾರೆ. ಪಿಂಚಣಿ ಕಡಿತ ಆಗಿದ್ದಕ್ಕೆ ಮೂಲವೇ ಆತ ಅಂತ ಅವರ ತಮ್ಮ ರೇಗ್ತಾರೆ. ನನಗೆ ಇಬ್ಬರದೂ ಅರ್ಧರ್ಧ ಸರಿ ಅನಿಸುತ್ತದೆ, ಆದರೆ ಅವರೆದುರು ಹೇಳೋ ಧೈರ್ಯ ಇಲ್ಲ.

ಆಗ ಹಳ್ಳಿಗಳಲ್ಲಿ ಕಾಫಿ ಅಂಗಡಿಗಳೂ ಬೇರೆ ಬೇರೆ: ಹಸಿರು ಇವರ ಪಕ್ಷ ಪಾಸೋಕ್‌ನವರದು, ನೀಲಿ ಎದುರು ಪಕ್ಷದವರದು. ನಿಮ್ಮನ್ನೂ ಯಾವ ಕಡೆ ಅಂತ ಕೇಳಿದರೆ 1985ರ ದೆಹಲಿ ಘೋಷಣೆ ನೆನಪಿಸಿ. ಅಣ್ವಸ್ತ್ರ ಬೇಡ ಅಂತ ರಾಜೀವ್ ಗಾಂಧಿ ಜೊತೆ ಸಹಿ ಹಾಕಿದ ಆರು ದೇಶದವರಲ್ಲಿ ಆಂದ್ರೆಯಾಸ್ ಕೂಡ ಒಬ್ಬರು. ಅಷ್ಟರಲ್ಲಿ ಮಾತು ಇಂದಿರಾ ಗಾಂಧಿ ಕಡೆ ತಿರುಗಿರುತ್ತದೆ, ನಿಮ್ಮ ಮುಂದೆ ಇನ್ನೊಂದು ಕಾಫಿ ಬಂದಿರುತ್ತದೆ.