ಸಿ ಭಾಷೆಯ ಸ್ಟ್ರಿಂಗ್: ಅರೇ ಯಾವಾಗ, ಪಾಯಿಂಟರ್ ಯಾವಾಗ

ಸಿ ಭಾಷೆಯಲ್ಲಿ ಸ್ಟ್ರಿಂಗ್ ಎಂಬ ಪ್ರತ್ಯೇಕ ಡೇಟಾ ಟೈಪ್ ಇಲ್ಲ. ಇರುವುದು ಚಾರ್ ಅರೇ, ಅಂದರೆ ಅಕ್ಷರಗಳನ್ನು ಸಾಲಾಗಿ ಇಡುವ ಜಾಗ. ಅದರಲ್ಲಿ ಅಕ್ಷರಗಳು ಮುಗಿದ ಕಡೆ '\0' ಎಂಬ ಸೊನ್ನೆ ಬೈಟ್ ಇದ್ದರೆ ಅದು ಸ್ಟ್ರಿಂಗ್, ಇಲ್ಲದಿದ್ದರೆ ಬರೀ ಅಕ್ಷರಗಳ ಸಾಲು. ಅರೇ ಎಷ್ಟು ಉದ್ದವಿದೆ ಎಂಬುದು ಔಟ್‌ಪುಟ್ ಬರೆಯುವ ಪ್ರಿಂಟ್‌ಎಫ್‌ಗಾಗಲಿ ಉದ್ದ ಎಣಿಸುವ ಸ್ಟ್ರ್‌ಲೆನ್‌ಗಾಗಲಿ ಗೊತ್ತಿರುವುದಿಲ್ಲ; '\0' ಸಿಗುವ ತನಕ ಓದುತ್ತಲೇ ಹೋಗುತ್ತವೆ. ಔಟ್‌ಪುಟ್‌ನ ಕೊನೆಯಲ್ಲಿ ಕಸ ಅಕ್ಷರಗಳು ಕಂಡರೆ ಮೊದಲು ನೋಡಬೇಕಾದ್ದು ಇದನ್ನೇ.

ಜಾಗದ ಲೆಕ್ಕ ಹಾಕುವಾಗ ಯಾವತ್ತೂ ಒಂದು ಬೈಟ್ ಹೆಚ್ಚಿಗೆ ಇಡಿ. "12345"ಕ್ಕೆ 6 ಬೈಟ್ ಬೇಕು. ಚಾರ್ ಎ[5] = "12345"; ಎಂದು ಬರೆದರೂ ಸಿ ನಿಯಮ ಅದನ್ನು ಒಪ್ಪುತ್ತದೆ, ಆದರೆ '\0' ಬಿಟ್ಟುಹೋಗಿರುತ್ತದೆ. ಎ[] ಎಂದು ಖಾಲಿ ಬಿಡುವುದೇ ಕ್ಷೇಮ, ಕಂಪೈಲರೇ 6 ಎಂದು ಎಣಿಸಿಕೊಳ್ಳುತ್ತದೆ. ಅಂದಹಾಗೆ '0' ಬೇರೆ, '\0' ಬೇರೆ: ಆಸ್ಕಿ ಸಂಕೇತಪಟ್ಟಿಯಲ್ಲಿ ಮೊದಲನೆಯದರ ಬೆಲೆ 48, ಎರಡನೆಯದರದು 0. ಕನ್ನಡ ಅಕ್ಷರಗಳಾದರೆ ಯುಟಿಎಫ್-8 ಎನ್‌ಕೋಡಿಂಗ್‌ನಲ್ಲಿ ಪ್ರತಿ ಕೋಡ್‌ಪಾಯಿಂಟ್‌ಗೆ (ಯೂನಿಕೋಡ್ ಸಂಖ್ಯೆಯಿರುವ ಪ್ರತಿ ಅಕ್ಷರ ಅಥವಾ ಚಿಹ್ನೆಗೆ) 3 ಬೈಟ್; ಕ, ನ, ್, ನ, ಡ ಎಂದು ಐದು ಕೋಡ್‌ಪಾಯಿಂಟ್ ಇರುವ "ಕನ್ನಡ"ಕ್ಕೆ ಸ್ಟ್ರ್‌ಲೆನ್ ಕೊಡುವುದು 15, ಅರೇಗೆ ಬೇಕಾದ್ದು 16.

ಹೆಚ್ಚು ಜನ ಎಡವುವುದು ಈ ಎರಡು ಸಾಲುಗಳಲ್ಲಿ:

ಚಾರ್ ಎ[] = "12345";
ಚಾರ್ *ಪಿ = "12345";

ಮೊದಲನೆಯದು ಅಕ್ಷರಗಳನ್ನು ನಿಮ್ಮದೇ ಅರೇಗೆ ನಕಲು ಮಾಡುತ್ತದೆ. ಎ[0] = '9' ಎಂದು ಧಾರಾಳವಾಗಿ ಬದಲಿಸಬಹುದು. ಎರಡನೆಯದರಲ್ಲಿ ಪಿ ಒಂದು ಪಾಯಿಂಟರ್, ಅದರೊಳಗಿರುವುದು ಅಕ್ಷರಗಳಿರುವ ಜಾಗದ ವಿಳಾಸವಷ್ಟೇ. ಆ ಅಕ್ಷರಗಳು ಸಾಮಾನ್ಯವಾಗಿ ಓದಲು ಮಾತ್ರ ಬಿಟ್ಟ ಮೆಮೊರಿಯಲ್ಲಿರುತ್ತವೆ. ಪಿ[0] = '9' ಎಂದರೆ ಫಲಿತಾಂಶಕ್ಕೆ ಖಾತ್ರಿಯಿಲ್ಲ, ಬಹುತೇಕ ಸೆಗ್ಮೆಂಟೇಶನ್ ಫಾಲ್ಟ್ ಆಗಿ ಪ್ರೋಗ್ರಾಂ ನಿಂತುಹೋಗುತ್ತದೆ. ಇಂಥ ಪಾಯಿಂಟರ್‌ಗೆ ಕಾನ್ಸ್ಟ್ (ಬದಲಿಸಬಾರದೆಂಬ ಗುರುತು) ಸೇರಿಸಿ ಬರೆದರೆ ತಪ್ಪು ಕಂಪೈಲ್ ಮಾಡುವಾಗಲೇ ಸಿಕ್ಕಿಬೀಳುತ್ತದೆ.

ಎಷ್ಟು ಬೈಟ್ ಎಂದು ಹೇಳುವ ಸೈಜ್‌ಆಫ್ ಎ 6, ಸೈಜ್‌ಆಫ್ ಪಿ 64-ಬಿಟ್ ಯಂತ್ರದಲ್ಲಿ 8. ಸ್ಟ್ರ್‌ಲೆನ್ ಎರಡಕ್ಕೂ 5. ಅರೇಯನ್ನು ಫಂಕ್ಷನ್‌ಗೆ ಕಳಿಸಿದಾಗ ಒಳಗೆ ತಲುಪುವುದೂ ಪಾಯಿಂಟರೇ. ಅಲ್ಲಿ ಸೈಜ್‌ಆಫ್ ನಂಬಬೇಡಿ, ಅಳತೆಯನ್ನು ಇನ್ನೊಂದು ಆರ್ಗ್ಯುಮೆಂಟ್ ಆಗಿ ಕಳಿಸಿ.

ಎ = "678" ಕಂಪೈಲ್ ಆಗುವುದಿಲ್ಲ. ಪಿ = "678" ಆಗುತ್ತದೆ, ಏಕೆಂದರೆ ಬದಲಾಗುವುದು ವಿಳಾಸ. ಹಾಗೆಯೇ == ಹೋಲಿಸುವುದೂ ವಿಳಾಸಗಳನ್ನೇ. ಅಕ್ಷರಗಳನ್ನು ಹೋಲಿಸಲು ಸ್ಟ್ರ್‌ಸಿಎಂಪಿ ಬೇಕು. ಎರಡೂ ಒಂದೇ ಆಗಿದ್ದರೆ ಅದು 0 ಕೊಡುತ್ತದೆ, ಆದ್ದರಿಂದ ಇಫ್ ಒಳಗೆ == 0 ಬರೆಯುವುದನ್ನು ಮರೆತರೆ ತರ್ಕವೇ ತಿರುಗುಮುರುಗು.

ಇನ್‌ಪುಟ್ ಪಡೆಯಲು 20ರ ಅರೇ ಇದ್ದರೆ ಸ್ಕ್ಯಾನ್‌ಎಫ್‌ನಲ್ಲಿ %19ಎಸ್ ಎಂದು ಮಿತಿ ಹಾಕಿ; ಅರೇ ಹೆಸರಿನ ಮುಂದೆ & ಬೇಡ. ಸ್ಪೇಸ್ ಬಂದ ಕೂಡಲೇ ಸ್ಕ್ಯಾನ್‌ಎಫ್ ನಿಲ್ಲುತ್ತದೆ. ಪೂರ್ತಿ ಸಾಲು ಬೇಕೆಂದರೆ ಎಫ್‌ಗೆಟ್ಸ್. ಅರೇಯ ಅಳತೆ ನೋಡದೆ ಸಾಲು ಓದುವ ಗೆಟ್ಸ್ ಅನ್ನು 2011ರ ಸಿ ಸ್ಟ್ಯಾಂಡರ್ಡ್‌ನಿಂದಲೇ ತೆಗೆದುಹಾಕಲಾಗಿದೆ. ಹಳೆಯ ನೋಟ್ಸ್‌ನಲ್ಲಿ ಕಂಡರೂ ಬಳಸಬೇಡಿ. ಎಫ್‌ಗೆಟ್ಸ್ ಒಂದು ಕಿರಿಕಿರಿ ತರುತ್ತದೆ: ಎಂಟರ್ ಒತ್ತಿದ ನ್ಯೂಲೈನ್ ಕೂಡ ಅರೇಯೊಳಗೆ ಕೂರುತ್ತದೆ. ಸ್ಟ್ರ್‌ಸಿಎಸ್‌ಪಿಎನ್‌ನಿಂದ ಅದರ ಜಾಗ ಹುಡುಕಿ ಅಲ್ಲಿ '\0' ಇಡಿ, ಇಲ್ಲದಿದ್ದರೆ ಮೇಲಿನ ಸ್ಟ್ರ್‌ಸಿಎಂಪಿ ಹೋಲಿಕೆ ಎಂದೂ 0 ಕೊಡದು.

ನಕಲು ಮಾಡಲು ಸ್ಟ್ರ್‌ಎನ್‌ಸಿಪಿವೈ ಸುರಕ್ಷಿತವೆಂಬ ನಂಬಿಕೆ ಇದೆ. ಆದರೆ ಮೂಲ ಸ್ಟ್ರಿಂಗ್ ಕೊಟ್ಟ ಅಳತೆಯಷ್ಟು ಅಥವಾ ಅದಕ್ಕಿಂತ ಉದ್ದವಾಗಿದ್ದರೆ ಅದು '\0' ಹಾಕುವುದೇ ಇಲ್ಲ. ಅದರ ಬದಲು ಎಸ್‌ಎನ್‌ಪ್ರಿಂಟ್‌ಎಫ್‌ಗೆ ಅರೇಯ ಅಳತೆ ಕೊಟ್ಟು "%ಎಸ್" ಮೂಲಕ ನಕಲಿಸಿ. ಹಿಡಿಸದಷ್ಟನ್ನು ಕತ್ತರಿಸಿ ಕೊನೆಗೆ '\0' ಇಡುತ್ತದೆ. ಅದು ಹಿಂದಿರುಗಿಸಿದ ಸಂಖ್ಯೆ ಅರೇಯ ಅಳತೆಗೆ ಸಮ ಅಥವಾ ಹೆಚ್ಚಿದ್ದರೆ ಪಠ್ಯ ಕತ್ತರಿಸಿಹೋಗಿದೆ ಎಂದರ್ಥ.